ಕಣ್ಣಿನ ಮೋದಿ ಡಾಕ್ಟರು

ದೆಹಲಿಯಲ್ಲಿ ಕೂತು ಮೋದಿ ಎಂದರೆ ಕೇಳಿದವರಿಗೆ ಒಬ್ಬರೇ ನೆನಪಾಗುತ್ತಾರೆ. ಹೋದ ತಿಂಗಳು ಪೀತಮ್‌ಪುರದ ನಮ್ಮ ಸೊಸೈಟಿಯ ಗೇಟಿನ ಹತ್ತಿರ ನಿಂತು ಊರಿಗೆ ಫೋನ್ ಮಾಡಿದ್ದೆ. ಅವ್ವನ ಜೊತೆ ಮಾತಾಡುವಾಗ ನಾಲ್ಕು ಸಲ ಮೋದಿ, ಮೋದಿ ಅಂದಿರಬೇಕು. ಕರೆ ಮುಗಿಯುತ್ತಲೇ ಪಕ್ಕದ ಬ್ಲಾಕಿನ ಪಂಜಾಬಿ ಅಂಕಲ್ ಹತ್ತಿರ ಬಂದು, ನಿಮ್ಮ ಕಡೆ ಚುನಾವಣೆ ಬಂತೇನು ಎಂದು ಕೇಳಿದರು. ಅಲ್ಲ ಅಂಕಲ್, ಇವರು ಕಣ್ಣಿನ ಮೋದಿ, ನಮ್ಮ ಕರ್ನಾಟಕದ ಡಾಕ್ಟರು, ತೀರಿಹೋಗಿ ಇಪ್ಪತ್ತು ವರ್ಷವಾಯಿತು ಎಂದೆ. ಹಳ್ಳಿ ಹಳ್ಳಿಗೆ ಹೋಗಿ ಮುದುಕರ ಕಣ್ಣಿನ ಪೊರೆ ತೆಗೆಯುತ್ತಿದ್ದರು ಎಂದದ್ದೇ ತಡ, ಅಂಕಲ್ ಮುಖ ಅರಳಿತು. ಅವರ ಕಡೆ ಮೋಗಾ ಊರಿನಲ್ಲಿ ಡಾಕ್ಟರ್ ಮಥುರಾದಾಸ್ ಪಾಹ್ವಾ ಅಂತ ಇದ್ದರಂತೆ, ಅವರ ಅಜ್ಜನ ಕಣ್ಣಿಗೆ ಬೆಳಕು ಬಂದದ್ದು ಅಲ್ಲೇ ಅಂತೆ. ಹದಿನೈದು ನಿಮಿಷ ಇಬ್ಬರೂ ನಮ್ಮ ನಮ್ಮ ಅಜ್ಜ ಅಜ್ಜಿಯರ ಕಣ್ಣಿನ ಕಥೆ ಹೇಳಿಕೊಂಡೆವು. ಎಂಟು ವರ್ಷದಿಂದ ಅದೇ ಗೇಟಿನಲ್ಲಿ ನಮಸ್ತೆ ಹೇಳುತ್ತಿದ್ದರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಫೋನಿನಲ್ಲಿ ನಡೆದದ್ದು ಜಗಳವೇ. ಅವ್ವ ಇರುವುದು ಹರಿಹರದಲ್ಲಿ. ವಯಸ್ಸು ಅರವತ್ತೆಂಟು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಇನ್ನೂ ಬಲಿತಿಲ್ಲ, ಬಲಿಯಲಿ ಎನ್ನುತ್ತಾಳೆ. ಬೇಸಿಗೆಯಲ್ಲಿ ಕೇಳಿದರೆ ಆಪರೇಷನ್ ಏನಿದ್ದರೂ ಚಳಿಗಾಲಕ್ಕೆ ಎನ್ನುತ್ತಾಳೆ. ಚಳಿಗಾಲ ಬಂದಾಗ ನನಗೇ ರಜೆ ಇರುವುದಿಲ್ಲ. ನಿಜ ಹೇಳಬೇಕೆಂದರೆ ಅವಳ ಈ ಮಾತು ನನಗೂ ಅನುಕೂಲವಾಗಿತ್ತು. ಒಂದು ಸಲ ರಿಲೀಸ್, ಇನ್ನೊಂದು ಸಲ ಅಪ್ರೈಸಲ್ ಅಂತ ನಾನೂ ಮುಂದೂಡುತ್ತ ಬಂದೆ. ಕಳೆದ ದೀಪಾವಳಿಗೆ ನೀರು ತುಂಬುವ ದಿನ ಹಿತ್ತಲ ಬಾಗಿಲ ಮೆಟ್ಟಿಲು ಕಾಣದೆ ಬಿದ್ದಳು. ಮಣಿಕಟ್ಟು ಉಳುಕಿತು, ಮುರಿಯಲಿಲ್ಲ. ಸೊಂಟದ ಮೂಳೆಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಆ ರಾತ್ರಿ ನಾನು ಮಲಗಲಿಲ್ಲ. ಆಮೇಲೂ ಅವಳ ವಾದ ಬದಲಾಗಲಿಲ್ಲ. ನಿಮ್ಮಜ್ಜಿಗೆ ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಬಲಿತ ಮೇಲೇ ಮಾಡಿದ್ದು ಎಂಬುದೇ ಅವಳ ಕೊನೆಯ ಅಸ್ತ್ರ.

ಅಜ್ಜಿಯ ಆಪರೇಷನ್ ನಿಜಕ್ಕೂ ಮೋದಿಯವರ ಕೈಯಲ್ಲೇ ಆಯಿತೋ, ಬೇರೆ ಯಾರೋ ನಡೆಸಿದ ಕ್ಯಾಂಪಿನಲ್ಲೋ, ಈಗ ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ನಮ್ಮ ಮನೆಯಲ್ಲಿ ಕಣ್ಣಿನ ಕ್ಯಾಂಪು ಯಾರದೇ ಇರಲಿ, ಅದಕ್ಕೆ ಮೋದಿ ಕ್ಯಾಂಪು ಎಂದೇ ಹೆಸರು, ವನಸ್ಪತಿ ತುಪ್ಪಕ್ಕೆಲ್ಲ ಡಾಲ್ಡಾ ಎಂದ ಹಾಗೆ. ಒಬ್ಬ ವೈದ್ಯನ ಹೆಸರು ಊರಮಂದಿಯ ಬಾಯಲ್ಲಿ ಒಂದು ಕೆಲಸದ ಹೆಸರೇ ಆಗಿಬಿಡುವುದು ಸಣ್ಣ ಮಾತಲ್ಲ. ಅವ್ವನ ಜೊತೆ ವಾದ ಮಾಡಲಿಕ್ಕಾದರೂ ಈ ಮನುಷ್ಯನ ಬಗ್ಗೆ ತಿಳಿದುಕೊಳ್ಳಬೇಕು ಎಂದು ಕೂತೆ. ವಾದ ಗೆಲ್ಲಲು ಶುರುಮಾಡಿದ ಓದು ಬೇರೆ ಎಲ್ಲಿಗೋ ಹೋಯಿತು.

ಮುರುಗೆಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ, ಆಗ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆ. ಕೃಷ್ಣಾ ಒಂದು ಕಡೆ, ಘಟಪ್ರಭಾ ಇನ್ನೊಂದು ಕಡೆ. ಎರಡು ನದಿಗಳ ನಡುವೆ ಇದ್ದೂ ಮಳೆಗೆ ಬಾಯಿ ಬಿಡುವ ನೆಲ. ಜೋಳ, ಬಿಸಿಲು, ದೂಳು. ಆ ಭಾಗದ ಹೊಲಗಳಲ್ಲಿ ಬದುಕಿದವರಿಗೆ ಐವತ್ತು ದಾಟಿದ ಮೇಲೆ ಕಣ್ಣು ಮಂಜಾಗುವುದು ತಲೆ ನೆರೆತಷ್ಟೇ ಸಹಜ. ಅದೊಂದು ಕಾಯಿಲೆ, ಅದಕ್ಕೆ ಮದ್ದು ಇದೆ ಎಂಬ ಯೋಚನೆಯೇ ಹೆಚ್ಚಿನವರಿಗೆ ಇರಲಿಲ್ಲ. ಕಣ್ಣು ಹೋದ ಹಿರಿಯರು ಪಡಸಾಲೆಯ ಒಂದು ಮೂಲೆ ಸೇರುತ್ತಿದ್ದರು. ಊಟದ ತಟ್ಟೆ ಅಲ್ಲಿಗೇ ಬರುತ್ತಿತ್ತು, ಬಹಿರ್ದೆಸೆಗೆ ಮೊಮ್ಮಗ ಕೋಲು ಹಿಡಿದು ನಡೆಸುತ್ತಿದ್ದ. ಹಾಗೆ ನಡೆಸುವ ಹುಡುಗ ಶಾಲೆಗೆ ಹೋಗುತ್ತಿರಲಿಲ್ಲ ಎಂಬುದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಆಸ್ಪತ್ರೆಗಳೇ ಇರಲಿಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆ ಇಪ್ಪತ್ತನೇ ಶತಮಾನದ ಆರಂಭದಿಂದಲೂ ಹೆಸರು ಮಾಡಿತ್ತು. ಉತ್ತರ ಕರ್ನಾಟಕದ ಜನಕ್ಕೆ ಮೀರಜ್‌ನ ಮಿಷನ್ ಆಸ್ಪತ್ರೆ ಇತ್ತು. ಪಂಜಾಬಿನ ಜಲಂಧರದಲ್ಲಿ ಕರ್ನಲ್ ಹೆನ್ರಿ ಸ್ಮಿತ್ ಎಂಬ ಬ್ರಿಟಿಷ್ ಸೇನಾ ವೈದ್ಯ ಅದೇ ಶತಮಾನದ ಮೊದಲ ದಶಕಗಳಲ್ಲಿ ಸಾವಿರಾರು ಕಣ್ಣುಗಳ ಪೊರೆ ತೆಗೆದು, ಅವರ ವಿಧಾನ ನೋಡಲು ವಿದೇಶಿ ವೈದ್ಯರೇ ಜಲಂಧರಕ್ಕೆ ಬರುವಂತೆ ಮಾಡಿದ್ದರು. ಅಂದರೆ ವಿದ್ಯೆ ಇತ್ತು, ಕತ್ತರಿ ಚಾಕು ಇದ್ದವು. ಆದರೆ ಎಪ್ಪತ್ತು ವರ್ಷದ ಕುರುಡಿಯೊಬ್ಬಳನ್ನು ಬೀಳಗಿಯ ಕಡೆಯ ಒಂದು ಹಳ್ಳಿಯಿಂದ ಬೆಂಗಳೂರಿಗೋ ಮೀರಜ್‌ಗೋ ಕರೆದುಕೊಂಡು ಹೋಗಿ, ಅಲ್ಲಿ ಹತ್ತು ದಿನ ಇಟ್ಟುಕೊಂಡು, ವಾಪಸ್ ಕರೆತರುವವರು ಯಾರು? ಚಕ್ಕಡಿಗೆ, ರೈಲಿಗೆ, ಊಟಕ್ಕೆ ದುಡ್ಡು ಬೇಕು. ಜೊತೆಗೆ ದುಡಿಯುವ ಒಂದು ಆಳು ಅಷ್ಟು ದಿನ ಹೊಲ ಬಿಡಬೇಕು. ನಾಳೆಯೋ ನಾಡಿದ್ದೋ ಹೋಗುವ ಜೀವಕ್ಕೆ ಇಷ್ಟೆಲ್ಲ ಯಾಕೆ ಎಂದು ಮನೆಯವರು ಅನ್ನುವ ಮೊದಲೇ ಮುದುಕಿಯೇ ಅಂದುಬಿಡುತ್ತಿದ್ದಳು.

ಮೋದಿ ಬೆಳಗಾವಿಯಲ್ಲಿ ವೈದ್ಯ ವಿದ್ಯೆ ಕಲಿತರು. ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರು. ಕಲಿತವರು ಸಾಮಾನ್ಯವಾಗಿ ಮುಂಬೈ, ಪುಣೆ, ಹುಬ್ಬಳ್ಳಿ ಅಂತ ಪೇಟೆ ಹಿಡಿದು ಬೋರ್ಡು ಹಾಕುವ ಕಾಲ. ಇವರೂ ಹಾಗೆ ಮಾಡಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ 1943ರಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ, ಇಪ್ಪತ್ತೇಳೂ ತುಂಬದ ವಯಸ್ಸಿನಲ್ಲಿ, ಉಚಿತ ಸಾಮೂಹಿಕ ಕಣ್ಣಿನ ಶಸ್ತ್ರಚಿಕಿತ್ಸೆಯ ಕೆಲಸಕ್ಕೆ ಇಳಿದರು. ರೋಗಿ ಆಸ್ಪತ್ರೆಗೆ ಬರುವುದಿಲ್ಲ ಎಂದಾದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಬೇಕು. ಈಗ ಕೇಳಿದರೆ ಇದರಲ್ಲೇನು ಹೊಸದು ಅನಿಸುತ್ತದೆ. ಹಾಗೆ ಹೇಳಿದವರು ಆಗಲೂ ಇದ್ದಿರಬಹುದು. ಇವರು ಅದನ್ನು ಐವತ್ತು ವರ್ಷ ಬಿಡದೆ ಮಾಡಿದರು.

ಆ ಕಾಲದ ಕಣ್ಣಿನ ಕ್ಯಾಂಪು ಹೇಗಿರುತ್ತಿತ್ತು ಎಂಬುದನ್ನು ನನ್ನ ಸೋದರಮಾವ ಇವತ್ತಿಗೂ ನಿನ್ನೆ ನಡೆದಂತೆ ಹೇಳುತ್ತಾನೆ. ವಾರ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ ಡಂಗುರ. ಆಮೇಲೆ ಮೈಕು ಕಟ್ಟಿದ ಜೀಪು. ಜಾಗ ಎಂದರೆ ಶಾಲೆ, ಛತ್ರ, ಮಠ, ಇಲ್ಲವೇ ಎಪಿಎಂಸಿ ಗೋದಾಮು. ಖರ್ಚಿಗೆ ಊರ ವರ್ತಕರು, ಲಯನ್ಸ್, ರೋಟರಿಯವರು. ಒಬ್ಬರು ಅಕ್ಕಿ ಕೊಟ್ಟರೆ ಇನ್ನೊಬ್ಬರು ಚಾಪೆ. ಕಾಲೇಜು ಹುಡುಗರು ಸ್ವಯಂಸೇವಕರು. ಚಕ್ಕಡಿಗಳಲ್ಲಿ, ಬಸ್ಸಿನ ಟಾಪಿನ ಮೇಲೆ, ಮಗನ ಬೆನ್ನ ಮೇಲೆ ಮುದುಕರು ಬಂದು ಇಳಿಯುತ್ತಿದ್ದರು. ಮೊದಲ ದಿನ ಪರೀಕ್ಷೆ. ಟಾರ್ಚು ಬಿಟ್ಟು ನೋಡಿ, ಇವರಿಗೆ ಔಷಧ ಸಾಕು, ಇವರಿಗೆ ಕನ್ನಡಕ, ಇವರಿಗೆ ಏನೂ ಮಾಡಲಾಗದು, ಇವರಿಗೆ ಆಪರೇಷನ್ ಎಂದು ಬೇರೆ ಬೇರೆ ಸಾಲು. ಆಪರೇಷನ್ ಸಾಲಿನವರಿಗೆ ಚೀಟಿ, ಮುಖ ತೊಳೆಸುವುದು, ರೆಪ್ಪೆಗೂದಲು ಕತ್ತರಿಸುವುದು, ಕಣ್ಣಿಗೆ ಮರಗಟ್ಟಿಸುವ ಮದ್ದು. ಸಾಲು ಮೇಜುಗಳು. ಒಂದು ಮೇಜಿನ ಮೇಲೆ ಡಾಕ್ಟರ ಕೈ ಮುಗಿಯುವ ಹೊತ್ತಿಗೆ ಮುಂದಿನ ಮೇಜಿನವರು ಸಿದ್ಧವಾಗಿರಬೇಕು. ಪಟ್ಟಿ ಕಟ್ಟಿದವರನ್ನು ಸ್ಟ್ರೆಚರ್ ಮೇಲೆ ಚಾಪೆಯ ತನಕ ಹೊತ್ತು ಮಲಗಿಸಬೇಕು.

ಮೋದಿಯವರ ವಿಶೇಷ ಈ ಸಾಲನ್ನು ಓಡಿಸಿದ ವೇಗ. ಅವರ ಕೆಲಸವನ್ನು ಕಾರ್ಖಾನೆಯ ಅಸೆಂಬ್ಲಿ ಲೈನಿಗೆ ಹೋಲಿಸಿದವರು ಬಹಳ. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿ ಅವರ ಹೆಸರಿಗಿದೆ. ನಾನು ಎಂಜಿನಿಯರ್, ಲೆಕ್ಕ ಹಾಕದೆ ಇರಲು ಆಗಲಿಲ್ಲ. ಇಪ್ಪತ್ತನಾಲ್ಕು ಗಂಟೆ ಊಟ ನಿದ್ದೆ ಇಲ್ಲದೆ ನಿಂತರೂ ಒಂದು ಕಣ್ಣಿಗೆ ಸಿಗುವುದು ಒಂದು ನಿಮಿಷ ನಲವತ್ತನಾಲ್ಕು ಸೆಕೆಂಡು. ಅಷ್ಟರಲ್ಲಿ ಕರಿಗುಡ್ಡೆಯ ಅಂಚು ಸೀಳಿ, ಮಂಜಾದ ಮಸೂರವನ್ನು ಹೊರತೆಗೆದು, ಮುಚ್ಚಬೇಕು. ಇದು ಒಬ್ಬ ಮನುಷ್ಯನ ಕೈಚಳಕ ಮಾತ್ರವಲ್ಲ, ಆ ಕೈಯ ಹಿಂದೆ ಮುಂದೆ ಇರುವ ನೂರಾರು ಜನರ ತಯಾರಿ. ಸಾಫ್ಟ್‌ವೇರ್‌ನಲ್ಲಿ ನಾವು ಇದನ್ನೇ ಪೈಪ್‌ಲೈನ್ ಎನ್ನುತ್ತೇವೆ. ನಮ್ಮ ಪೈಪ್‌ಲೈನ್ ಕೆಟ್ಟರೆ ಮತ್ತೊಮ್ಮೆ ಓಡಿಸಬಹುದು, ಅಷ್ಟೇ ವ್ಯತ್ಯಾಸ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 833 ಅಲ್ಲ. ಅದೇ ಗಿನ್ನೆಸ್ ದಾಖಲೆಯಲ್ಲಿ 1993ರ ಫೆಬ್ರವರಿ ತನಕದ ಒಟ್ಟು ಲೆಕ್ಕವೂ ಇದೆ. 46,120 ಹಳ್ಳಿಗಳು. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಐವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹನ್ನೆರಡು ಸಾವಿರ ಆಪರೇಷನ್, ಹಬ್ಬ ಹುಣ್ಣಿಮೆ ಬಿಡದೆ ದಿನಕ್ಕೆ ಮೂವತ್ತಮೂರು. ದಿನಕ್ಕೆ ಎರಡೂವರೆ ಹಳ್ಳಿ. ಈ ಮೊದಲನೇ ಓದಿಗೆ ತಲೆ ತಿರುಗುತ್ತದೆ. ಎರಡನೇ ಸಲ ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಇಪ್ಪತ್ತು ಜನರನ್ನು ನೋಡಿದರೆ ಒಬ್ಬರಿಗೆ ಆಪರೇಷನ್. ಉಳಿದ ಹತ್ತೊಂಬತ್ತು ಜನರನ್ನು ನೋಡದೆ ಆ ಒಬ್ಬರನ್ನು ಹುಡುಕಲು ಆಗುತ್ತಿರಲಿಲ್ಲ. ಆ ಒಬ್ಬರು ತಾವಾಗಿ ಎದ್ದು ಬರುವವರಲ್ಲ, ಮೂಲೆಯಲ್ಲಿ ಕೂತವರು. ಆಪರೇಷನ್ ಮಾಡಿದ್ದಕ್ಕಿಂತ ಹುಡುಕಿದ್ದೇ ದೊಡ್ಡ ಕೆಲಸ ಎಂದು ನನಗೆ ಅನಿಸಿದ್ದು ಈ ಭಾಗಾಕಾರ ಮಾಡಿದಾಗ.

ಮುದುಕರ ಶರೀರಕ್ಕೆ ಶಸ್ತ್ರಚಿಕಿತ್ಸೆ ಮಾಡುವುದು ಬೇರೆಯೇ ವಿದ್ಯೆ ಎಂದು ಈಗ ದೊಡ್ಡ ಆಸ್ಪತ್ರೆಗಳು ಅದಕ್ಕೆಂದೇ ಪ್ರತ್ಯೇಕ ವಿಭಾಗ, ಪ್ರತ್ಯೇಕ ತಂಡ ಇಡಲು ಶುರುಮಾಡಿವೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯ ಎಲ್ಲ ಒಟ್ಟಿಗೆ ನೋಡಬೇಕು. ಬಿದ್ದರೆ ಏನು, ಮನೆಗೆ ಹೋದ ಮೇಲೆ ಯಾರಿದ್ದಾರೆ ಎಂದು ಮೊದಲೇ ಕೇಳಬೇಕು. ಕಣ್ಣಿನ ಕ್ಯಾಂಪುಗಳಿಗೆ ಅಷ್ಟು ದೊಡ್ಡ ಮಾತು ಗೊತ್ತಿರಲಿಲ್ಲ, ಆದರೆ ಕಷ್ಟಗಳೆಲ್ಲ ಗೊತ್ತಿದ್ದವು. ಆಗಿನ ಗಾಯಕ್ಕೆ ಹೊಲಿಗೆ ಇಲ್ಲ, ಇದ್ದರೂ ಒಂದೆರಡು. ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ಗಾಯ ಬಿಚ್ಚಿಕೊಳ್ಳುವ ಭಯ. ಹೀಗಾಗಿ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಅಗಿಯುವ ಊಟ ಇಲ್ಲ, ಗಂಜಿ. ಅಂಗಾತ ಮಲಗಿದ ಎಪ್ಪತ್ತರ ಗಂಡಸಿಗೆ ಮೂತ್ರ ಕಟ್ಟುತ್ತದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರೆ ಕೆಲವು ವೃದ್ಧರು ಮೂರನೇ ರಾತ್ರಿಗೆ ಗಾಬರಿಯಾಗಿ, ಇಲ್ಲದವರ ಜೊತೆ ಮಾತಾಡಿ, ಎದ್ದು ಓಡಲು ನೋಡುತ್ತಾರೆ. ವೈದ್ಯರಿಗೆ ಇದು ಚೆನ್ನಾಗಿ ಪರಿಚಯವಿದ್ದ ತೊಂದರೆ. ಬೆಂಗಳೂರಿನ ವಾರ್ಡಿನಲ್ಲಿ ಹೀಗಾದರೆ ಹಿಡಿದು ಕಟ್ಟಬೇಕು. ಊರ ಪಕ್ಕದ ಶಾಲೆಯಲ್ಲಿ ಹೀಗಾದರೆ ಚಾಪೆಯ ಬದಿಗೆ ಕೂತ ಸೊಸೆಯ ದನಿ ಕೇಳಿದರೆ ಸಾಕು. ಕ್ಯಾಂಪು ಬಡವರಿಗೆ ಅಗ್ಗ ಎಂಬುದು ಎಲ್ಲರಿಗೂ ಗೊತ್ತು. ಮುದುಕರಿಗೆ ಅದು ಹತ್ತಿರವೂ ಆಗಿತ್ತು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಇಲ್ಲೇ ಅವ್ವನ ಎರಡು ವಾದಗಳ ಬೇರೂ ಸಿಕ್ಕಿತು. ಆಗಿನ ವಿಧಾನದಲ್ಲಿ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರತೆಗೆಯುತ್ತಿದ್ದರು. ಅದಕ್ಕೆ ಪೊರೆ ಬಲಿತಿದ್ದರೆ ಅನುಕೂಲ. ಜೊತೆಗೆ, ಅರ್ಧ ಕಾಣುವ ಕಣ್ಣನ್ನು ಆ ಆಪರೇಷನ್ನಿನ ಅಪಾಯಕ್ಕೆ ಒಡ್ಡುವುದಕ್ಕಿಂತ ಪೂರ್ತಿ ಹೋದ ಮೇಲೆ ಮಾಡುವುದು ವಿವೇಕ. ಚಳಿಗಾಲ ಯಾಕೆಂದರೆ ಸುಗ್ಗಿಯ ನಂತರ ಮನೆಯವರಿಗೆ ಬಿಡುವು, ಮಳೆ ಇಲ್ಲ, ಬೆವರು ನೊಣ ಕಡಿಮೆ. ಎರಡೂ ಆ ಕಾಲಕ್ಕೆ ಸರಿಯಾದ ಮಾತೇ. ವಿಧಾನ ಬದಲಾಗಿ ಮೂವತ್ತು ವರ್ಷವಾದರೂ ಮಾತು ಮಾತ್ರ ಮನೆಗಳಲ್ಲಿ ಉಳಿದುಬಿಟ್ಟಿದೆ. ಈಗ ಬಲಿಯಲು ಬಿಟ್ಟರೆ ಮಸೂರ ಗಟ್ಟಿಯಾಗಿ ಆಪರೇಷನ್ನೇ ಕಷ್ಟ, ಒಮ್ಮೊಮ್ಮೆ ಕಣ್ಣಿನ ಒತ್ತಡ ಏರಿ ಇರುವ ದೃಷ್ಟಿಯೂ ಹೋಗುತ್ತದೆ.

ಆ ವಿಧಾನದ ಇನ್ನೊಂದು ಬೆಲೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮಸೂರ ತೆಗೆದರು, ಅದರ ಜಾಗಕ್ಕೆ ಏನೂ ಇಡಲಿಲ್ಲ. ಆ ಕೆಲಸವನ್ನೆಲ್ಲ ಕನ್ನಡಕ ಮಾಡಬೇಕು. ಸೋಡಾ ಬಾಟಲಿಯ ತಳದಂಥ ಗಾಜು. ಅಜ್ಜಿಯ ಕಣ್ಣು ಅದರ ಹಿಂದೆ ಗೂಬೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ನಾವು ಮಕ್ಕಳು ನಗುತ್ತಿದ್ದೆವು. ಅವಳಿಗೆ ನಾವೂ ಅಷ್ಟೇ ದೊಡ್ಡದಾಗಿ ಕಾಣುತ್ತಿದ್ದೆವು ಎಂದು ಗೊತ್ತಾದದ್ದು ಈಗ. ಆ ಗಾಜಿನಲ್ಲಿ ವಸ್ತುಗಳು ಕಾಲು ಭಾಗಕ್ಕೂ ಹೆಚ್ಚು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಹೊಸ್ತಿಲು ಇರುವ ಕಡೆ ಇರುವುದಿಲ್ಲ. ಲೋಟಕ್ಕೆ ಕೈ ಚಾಚಿದರೆ ಗಾಳಿ ಸಿಗುತ್ತದೆ. ಅಜ್ಜಿ ಹೊಸ್ತಿಲ ಮುಂದೆ ನಿಂತು ಕಾಲಿನಿಂದ ತಡವುತ್ತಿದ್ದಳು. ಕನ್ನಡಕ ಒಡೆದರೆ ಮತ್ತೆ ಕುರುಡು. ಒಮ್ಮೆ ಕಾಲು ಮುರಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಒಂದು ವರ್ಷ ಕಳೆದಳು. ಹಳ್ಳಿಗಳಲ್ಲಿ ಎಷ್ಟೋ ಜನ ಆಪರೇಷನ್ ಆಗಿಯೂ ಕನ್ನಡಕ ಇಲ್ಲದೆ ಮತ್ತೆ ಮೂಲೆ ಸೇರಿದರು. ಕ್ಯಾಂಪು ಎದ್ದು ಹೋದ ಮೇಲೆ ಕೀವಾದರೆ, ನೋವಾದರೆ ಯಾರ ಹತ್ತಿರ ಹೋಗಬೇಕು ಎಂಬ ಪ್ರಶ್ನೆಗೂ ಆ ಪದ್ಧತಿಯಲ್ಲಿ ಗಟ್ಟಿ ಉತ್ತರ ಇರಲಿಲ್ಲ. ಇದು ಒಬ್ಬ ಡಾಕ್ಟರ ಮೇಲಿನ ದೂರಲ್ಲ. ದೇಶದ ಎಲ್ಲ ಕ್ಯಾಂಪುಗಳ ಕಥೆಯೂ ಅದೇ. ಮೋದಿಯವರನ್ನು ಮೆಚ್ಚುವವರು ಇದನ್ನೂ ಸೇರಿಸಿ ಹೇಳಬೇಕು ಎಂದು ನನ್ನ ಅನಿಸಿಕೆ, ಅಷ್ಟೇ. ಅಜ್ಜಿಯನ್ನು ಕೇಳಿದ್ದರೆ ಅವಳು ನನಗೇ ಬೈಯುತ್ತಿದ್ದಳು. ಅವಳ ಮಟ್ಟಿಗೆ ಆ ದಪ್ಪ ಗಾಜಿನಲ್ಲಿ ಅಕ್ಕಿಯ ಕಲ್ಲು ಕಾಣುತ್ತಿತ್ತು, ಅದು ಮುಖ್ಯ.

ಮೋದಿಯವರ ಹೆಸರು ದಾವಣಗೆರೆಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಅಲ್ಲಿಂದ ಕರ್ನಾಟಕವನ್ನಷ್ಟೇ ಅಲ್ಲ, ನೆರೆ ರಾಜ್ಯಗಳನ್ನೂ ಸುತ್ತಿದರು. 1956ರಲ್ಲಿ ಪದ್ಮಶ್ರೀ ಬಂತು. ಆಗಿನ್ನೂ ನಲವತ್ತು ತುಂಬಿರಲಿಲ್ಲ, ಕನ್ನಡ ನಾಡು ಒಂದಾಗುವ ವರ್ಷವದು. 1968ರಲ್ಲಿ ಪದ್ಮಭೂಷಣ. ಬೆಂಗಳೂರಿನಲ್ಲಿ ರಾಜಾಜಿನಗರ, ಬಸವೇಶ್ವರನಗರದ ಕಡೆ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಎದ್ದಿತು. ಬೆಂಗಳೂರಿನಲ್ಲಿ ನಾನು ಎಂಟೆಕ್ ಮಾಡುವಾಗ ಕಂಡಕ್ಟರ್ ಮೋದಿ ಆಸ್ಪತ್ರೆ, ಮೋದಿ ಆಸ್ಪತ್ರೆ ಎಂದು ಕೂಗುವುದನ್ನು ಎಷ್ಟು ಸಲ ಕೇಳಿದ್ದೇನೋ. ಯಾವ ಮೋದಿ ಎಂದು ಒಂದು ಸಲವೂ ಯೋಚಿಸಲಿಲ್ಲ. ಸ್ಟಾಪಿನ ಹೆಸರಾದವರ ಗತಿಯೇ ಅಷ್ಟು.

ಅವರು ಹಳ್ಳಿಗಳಲ್ಲಿ ಸುತ್ತುತ್ತಿದ್ದಾಗಲೇ ಕಣ್ಣಿನ ಶಸ್ತ್ರಚಿಕಿತ್ಸೆ ಜಗತ್ತಿನಲ್ಲಿ ತಿರುವು ತೆಗೆದುಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿ, 1949ರಲ್ಲಿ ಅಂಥದ್ದೇ ವಸ್ತುವಿನ ಮಸೂರವನ್ನು ಕಣ್ಣೊಳಗೆ ಇಟ್ಟರು. ಅದನ್ನು ವೈದ್ಯಲೋಕ ಒಪ್ಪಲು ದಶಕಗಳೇ ಹಿಡಿದವು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶಬ್ದಾತೀತ ತರಂಗದಿಂದ ಪೊರೆ ಪುಡಿಮಾಡಿ ಸಣ್ಣ ರಂಧ್ರದಲ್ಲೇ ಹೀರುವ ವಿಧಾನ ತಂದರು. ನಮ್ಮಲ್ಲಿ 1976ರಲ್ಲಿ ಎರಡು ಸಂಗತಿಗಳು ನಡೆದವು. ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಮಧುರೆಯಲ್ಲಿ, ಮೋದಿಯವರಿಗಿಂತ ಎರಡು ವರ್ಷ ಚಿಕ್ಕವರಾದ ಗೋವಿಂದಪ್ಪ ವೆಂಕಟಸ್ವಾಮಿ, ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ, ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದರು. ಅವರೂ ಸಾಲು ಮೇಜುಗಳ ವೇಗವನ್ನೇ ನಂಬಿದವರು. ಆದರೆ ಹಳ್ಳಿಯಲ್ಲಿ ಪರೀಕ್ಷೆ ಮಾತ್ರ ಮಾಡಿ, ಆಪರೇಷನ್ನಿಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತಂದು, ಊಟ ಹಾಕಿ, ಬಸ್ಸಿನಲ್ಲೇ ವಾಪಸ್ ಬಿಟ್ಟುಬರುವ ದಾರಿ ಹಿಡಿದರು. 1992ರಲ್ಲಿ ಅವರದೇ ಅರೋಲ್ಯಾಬ್ ಕಣ್ಣೊಳಗಿನ ಮಸೂರವನ್ನು ಇಲ್ಲೇ ತಯಾರಿಸಿ, ವಿದೇಶಿ ಮಸೂರದ ಬೆಲೆಯ ಸಣ್ಣ ಪಾಲಿಗೆ ಕೊಡತೊಡಗಿತು. ಸೋಡಾ ಬಾಟಲಿ ಕನ್ನಡಕದ ಕಾಲ ಮುಗಿಯತೊಡಗಿತು. ಶಾಲೆ, ಗೋದಾಮುಗಳಲ್ಲಿ ಆಪರೇಷನ್ ಬೇಡ, ಆಸ್ಪತ್ರೆಯ ಥಿಯೇಟರಿನಲ್ಲೇ ಆಗಲಿ ಎಂದು ಸರ್ಕಾರವೂ ಹೇಳತೊಡಗಿತು. ಸರಿಯಾದ ತೀರ್ಮಾನವೇ. ಮೋದಿ ಕ್ಯಾಂಪು ಎಂಬ ಮಾತು ಹಳೆಯದಾಗುತ್ತ ಬಂದದ್ದು ಹೀಗೆ.

2005ರ ನವೆಂಬರಿನಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ, ಮೋದಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರು ಬೆಳಕು ಕೊಟ್ಟವರಲ್ಲಿ ಹೆಚ್ಚಿನವರು ಹೋಗಿಯಾಗಿತ್ತು. ಮುದುಕರಿಗೆ ಸೇವೆ ಮಾಡಿದ ವೈದ್ಯನಿಗೆ ಇದೊಂದು ವಿಚಿತ್ರ. ಮಕ್ಕಳ ಡಾಕ್ಟರಿಗಾದರೆ ಬೆಳೆದ ರೋಗಿಗಳು ಮದುವೆ ಕಾಗದ ತಂದು ಕೊಡುತ್ತಾರೆ. ಕಣ್ಣಿನ ಮೋದಿಯವರ ರೋಗಿಗಳು ಐದೋ ಹತ್ತೋ ವರ್ಷ ಮೊಮ್ಮಕ್ಕಳ ಮುಖ ನೋಡಿ ಹೋದವರು. ಹಾಗೆ ನೋಡಿಸಿಕೊಂಡ ಮೊಮ್ಮಕ್ಕಳಲ್ಲಿ ನಾನೂ ಒಬ್ಬ ಇರಬಹುದು.

ಅವ್ವನ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಯೋಜನೆ ಅವಳನ್ನು ದೆಹಲಿಗೆ ಕರೆಸಿಕೊಳ್ಳುವುದು. ಇಲ್ಲಿ ಏಮ್ಸ್‌ನ ರಾಜೇಂದ್ರ ಪ್ರಸಾದ್ ಕಣ್ಣಿನ ಕೇಂದ್ರದಿಂದ ಹಿಡಿದು ನಮ್ಮ ಮನೆಯಿಂದ ಎರಡು ಮೆಟ್ರೋ ಸ್ಟೇಷನ್ ದೂರದ ಖಾಸಗಿ ಆಸ್ಪತ್ರೆಗಳ ತನಕ ಏನುಂಟು ಏನಿಲ್ಲ. ಎಕ್ಸೆಲ್ ಶೀಟಿನಲ್ಲಿ ಡಾಕ್ಟರುಗಳ ಪಟ್ಟಿ, ಮಸೂರಗಳ ಬೆಲೆ, ಇನ್ಶೂರೆನ್ಸ್ ಎಲ್ಲ ಸಿದ್ಧ ಮಾಡಿದ್ದೆ. ಅವ್ವ ಒಲ್ಲೆ ಎಂದಾಗಲೆಲ್ಲ ಅದು ಅವಳ ಮೊಂಡುತನ ಎಂದೇ ತಿಳಿದಿದ್ದೆ. ಹಿಂದಿ ಬರದ, ಮಂಜು ಕಣ್ಣಿನ, ಅರವತ್ತೆಂಟರ ಹೆಂಗಸು ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ, ನಾನೂ ನನ್ನ ಹೆಂಡತಿಯೂ ಆಫೀಸಿಗೆ ಹೋದ ಮೇಲೆ, ಒಂದು ಕಣ್ಣಿಗೆ ಶೀಲ್ಡ್ ಕಟ್ಟಿಕೊಂಡು ಇಡೀ ದಿನ ಹೇಗೆ ಕೂರುತ್ತಾಳೆ ಎಂಬ ಕಾಲಂ ಆ ಶೀಟಿನಲ್ಲಿ ಇರಲಿಲ್ಲ. ಪೊರೆಯ ಆಪರೇಷನ್ ಈಗ ಇಪ್ಪತ್ತು ನಿಮಿಷದ್ದು, ಅದೇ ದಿನ ಮನೆ. ಅದಕ್ಕೆ ಬೇಕಾದ ಯಂತ್ರವೂ ಡಾಕ್ಟರೂ ದಾವಣಗೆರೆಯಲ್ಲೇ ಇದ್ದಾರೆ. ಎರಡು ವರ್ಷದಿಂದ ಅಲ್ಲಿ ಇಲ್ಲದೆ ಇದ್ದದ್ದು ನಾನು.

ಮತ್ತೆ ಫೋನ್ ಮಾಡಿದೆ. ಬಲಿಯುವುದು ಬೇಡ ಯಾಕೆ ಎಂದು ಅಜ್ಜಿಯ ಆಪರೇಷನ್ನಿನಿಂದಲೇ ಶುರುಮಾಡಿ ಹೇಳಿದೆ. ಆಗ ಮಸೂರ ಇಡಿಯಾಗಿ ತೆಗೆಯುತ್ತಿದ್ದರು, ಈಗ ಪುಡಿ ಮಾಡಿ ತೆಗೆಯುತ್ತಾರೆ, ಗಟ್ಟಿಯಾದರೆ ಪುಡಿ ಆಗುವುದಿಲ್ಲ ಎಂದೆ. ತೊಗರಿಬೇಳೆ ಹಳೆಯದಾದರೆ ಬೇಯುವುದಿಲ್ಲವಲ್ಲ ಹಾಗೆ ಎಂದು ಅವಳೇ ಸೇರಿಸಿದಳು. ಅಜ್ಜಿಯ ಥರ ದಪ್ಪ ಕನ್ನಡಕ ಬರುತ್ತದೆಯೇ ಎಂದು ಕೇಳಿದಳು. ಅವಳ ಭಯ ಅಷ್ಟು ದಿನ ಅದೇ ಆಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಇಲ್ಲ ಎಂದೆ. ನೀನು ಬರುತ್ತೀಯಾ ಎಂದಳು. ಬರುತ್ತೇನೆ ಎಂದೆ.

ಮ್ಯಾನೇಜರ್ ಹತ್ತಿರ ಒಂದು ವಾರ ರಜೆ, ಮೂರು ವಾರ ಮನೆಯಿಂದಲೇ ಕೆಲಸ ಎಂದು ಕೇಳಿ ಒಪ್ಪಿಸಿದ್ದೇನೆ. ನಿಜಾಮುದ್ದೀನಿನಿಂದ ಸಂಪರ್ಕ ಕ್ರಾಂತಿ, ಟಿಕೆಟ್ ಕನ್ಫರ್ಮ್ ಆಗಿದೆ. ಮೊದಲು ಬಲಗಣ್ಣು, ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಬಿಟ್ಟು ಎಡಗಣ್ಣು. ಡ್ರಾಪ್ಸ್ ದಿನಕ್ಕೆ ಎಷ್ಟು ಸಲ ಎಂದು ನನ್ನ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ. ಹಿತ್ತಲ ಮೆಟ್ಟಿಲಿಗೆ ಹಳದಿ ಬಣ್ಣ ಬಳಿಯಲು ಸೋದರಮಾವನಿಗೆ ಹೇಳಿಯಾಗಿದೆ. ಹೊರಡುವ ದಿನ ತಿಳಿಸು, ಅಮ್ಮನಿಗೆ ಪಿನ್ನಿ ಉಂಡೆ ಕಟ್ಟಿಸಿ ಕೊಡುತ್ತೇನೆ ಎಂದು ಗೇಟಿನ ಹತ್ತಿರದ ಅಂಕಲ್ ಎರಡು ಸಲ ನೆನಪಿಸಿದ್ದಾರೆ.